ಉಳಿದದ್ದನ್ನು ಮಾತ್ರ

ಗಾರೆ ಕೆಲಸದವನು ಕುಡಿದರೆ ಕುಡುಕ. ಆಟೋದವನು ಕುಡಿದರೆ ದೊಡ್ಡ ಕುಡುಕ. ಅದೇ ಡಾಕ್ಟರೋ ಲಾಯರೋ ಚಟಕ್ಕೆ ಬಿದ್ದರೆ ಅದಕ್ಕೊಂದು ಕಾರ್ಯಕ್ರಮ, ಕಿಟಕಿಗೊಂದು ಪರದೆ, ಮಾತಿನಲ್ಲೊಂದು ಮರ್ಯಾದೆ. ಕೆಂಗೇರಿ ಕಡೆ ಡಾಕ್ಟರ್ ಚನ್ನಕೇಶವ ನಡೆಸುವ ವ್ಯಸನಮುಕ್ತಿ ಕೇಂದ್ರದಲ್ಲೂ ಹಾಗೆಯೇ. ಕೆಳಗಿನ ವಾರ್ಡಿನಲ್ಲಿ ಊರ ಕುಡುಕರು. ಮೇಲಿನ ಮಹಡಿಯಲ್ಲಿ ಶನಿವಾರ ಸಂಜೆ ಸೇರುವವರು ಬೇರೆ ಜಾತಿ: ಡಾಕ್ಟರುಗಳು, ನರ್ಸುಗಳು, ಔಷಧಿ ಅಂಗಡಿಯ ಫಾರ್ಮಸಿಸ್ಟುಗಳು, ಒಬ್ಬ ವಕೀಲರು. ಕೆಳಗಿನವರು ಇವರಿಗೆ ಇಟ್ಟ ಹೆಸರು ‘ಲೈಸೆನ್ಸ್ ಪಾರ್ಟಿ’. ಈ ಪಾರ್ಟಿಯವರು ಚಪ್ಪಲಿಯನ್ನೂ ಮೆಟ್ಟಿಲ ಕೆಳಗೆ ಬಿಡುತ್ತಿರಲಿಲ್ಲ. ಚಪ್ಪಲಿ ನೋಡಿ ಯಾರಾದರೂ ಗುರುತು ಹಿಡಿದಾರೆಂದು ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹತ್ತುತ್ತಿದ್ದರು.

ಹತ್ತಿ, ದುಂಡಗೆ ಕುಳಿತು, ಕಳೆದುಕೊಂಡದ್ದನ್ನು ಹೇಳಿಕೊಳ್ಳುತ್ತಿದ್ದರು. ಹೋದ ಕಾರು, ಬಿಟ್ಟುಹೋದ ಹೆಂಡತಿ, ಕೈತಪ್ಪಿದ ಪ್ರಾಕ್ಟೀಸು, ಇವತ್ತೋ ನಾಳೆಯೋ ಹೋಗಬಹುದಾದ ರಿಜಿಸ್ಟ್ರೇಷನ್ನು. ಅಳುವವರು ಅಳುತ್ತಿದ್ದರು, ಉಳಿದವರು ಅವರ ಬೆನ್ನು ಸವರುತ್ತಿದ್ದರು. ರೋಗಿಗಳ ಸುದ್ದಿ ಮಾತ್ರ ಆ ಕೋಣೆಯಲ್ಲಿ ಬರುತ್ತಿರಲಿಲ್ಲ. ಬಾಳೇಶನಿಗೆ ಮೊದಮೊದಲು ಅದು ಹಾಯೆನಿಸುತ್ತಿತ್ತು.

ಬಾಳೇಶ ಜಮಖಂಡಿ ಕಡೆಯವನು. ನರ್ಸಿಂಗ್ ಓದಿ ಬೆಂಗಳೂರಿಗೆ ಬಂದು, ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಹಿಡಿದು, ಅಲ್ಲೇ ಎರಡು ರಸ್ತೆ ಆಚೆ ಮಹಡಿಯ ಹಿಂದಿನ ಪೋರ್ಷನ್ನಿನಲ್ಲಿ ಹೆಂಡತಿ ಗುರುದೇವಿಯ ಜೊತೆ ಸಂಸಾರ ಹೂಡಿದವನು. ಊರಿನಲ್ಲಿ ಅವನ ತಾಯಿ ಶಂಕ್ರವ್ವ ‘ನಮ್ ಹುಡುಗ ಆಪರೇಶನ್ ಮಾಡತಾನ’ ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ಒಳ್ಳೆಯ ಕೈ ಅವನದು. ನರ ಸಿಗದ ಮುದುಕರಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದ. ಆ ಒಳ್ಳೆಯ ಕೈಯೇ ಅವನನ್ನು ಹಾಳುಮಾಡಿತು.

ಆಪರೇಷನ್ ಆದವರಿಗೆ ಕೊಡುವ ನೋವಿನ ಇಂಜೆಕ್ಷನ್ ಬೀಗದ ಕಪಾಟಿನಲ್ಲಿರುತ್ತದೆ. ಪುಟ್ಟ ಗಾಜಿನ ಸೀಸೆ ಒಡೆದು, ರೋಗಿಗೆ ಬೇಕಾದಷ್ಟು ಎಳೆದು, ಉಳಿದದ್ದನ್ನು ಇನ್ನೊಬ್ಬರ ಕಣ್ಣೆದುರು ಸಿಂಕಿಗೆ ಚೆಲ್ಲಬೇಕು. ಅದು ನಿಯಮ. ಆದರೆ ಕೆಲಸದ ಗಡಿಬಿಡಿಯಲ್ಲಿ ಯಾರಿಗೆ ನಿಂತು ನೋಡುವಷ್ಟು ಪುರುಸೊತ್ತು? ‘ಚೆಲ್ಲಿದ್ಯಾ?’ ‘ಚೆಲ್ಲಿದೆ.’ ಮುಗಿಯಿತು. ಬೆನ್ನು ಸಿಡಿಯುತ್ತಿದ್ದ ಒಂದು ದಿನ ಬಾಳೇಶ ಚೆಲ್ಲಲಿಲ್ಲ. ಹೇಗೂ ಚರಂಡಿ ಪಾಲಾಗುವುದು ತಾನೇ ಎಂದು ತನಗೇ ಚುಚ್ಚಿಕೊಂಡ. ಬೆನ್ನುನೋವು ಹೋಯಿತು. ಅದರ ಜೊತೆಗೆ ಮನೆಯ ಚಿಂತೆ, ಡಾಕ್ಟರುಗಳ ಬೈಗುಳ, ಊರಿನ ಫೋನುಗಳು ಎಲ್ಲ ದೂರ ಹೋದವು. ಅಂಥ ಸುಖ ಒಮ್ಮೆ ಕಂಡವನು ಸುಮ್ಮನಿರುತ್ತಾನೆಯೇ? ಉಳಿಯುವುದು ಸಾಲದಾದಾಗ ಉಳಿಸತೊಡಗಿದ. ರೋಗಿಗೆ ಅರ್ಧ ಔಷಧಿ, ಅರ್ಧ ಉಪ್ಪುನೀರು. ಕೆಲವರಿಗೆ ಬರೀ ಉಪ್ಪುನೀರು.

ಬಟ್ಟೆ ಜೋಡಿಸುವ ಕೋಣೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಕುಳಿತವನನ್ನು ಮೇಟ್ರನ್ ವರಲಕ್ಷ್ಮಿಯವರೇ ಹಿಡಿದರು. ಪೊಲೀಸರಿಗೆ ಹೇಳಿದರೆ ಆಸ್ಪತ್ರೆಯ ಹೆಸರು ಕೆಡುತ್ತದಲ್ಲ. ಮಾಲೀಕರು ಬಾಗಿಲು ಹಾಕಿಕೊಂಡು ಯೋಚಿಸಿ, ಅವನನ್ನು ಚನ್ನಕೇಶವರ ಕೇಂದ್ರಕ್ಕೆ ಕಳಿಸಿದರು. ಚನ್ನಕೇಶವ ಒಳ್ಳೆಯ ಮನುಷ್ಯ. ಒಂದು ಕಾಲಕ್ಕೆ ತಾವೂ ಕುಡಿದು ಹಾಳಾಗಿ ಎದ್ದು ಬಂದವರು. ಸೇರಿಸಿಕೊಳ್ಳುವ ದಿನ ಅವರು ಕೇಳಿದ್ದು ಒಂದೇ ಗಟ್ಟಿ ಪ್ರಶ್ನೆ.

“ನಿಮ್ಮಿಂದ ಯಾವ್ದಾದ್ರೂ ಪೇಷಂಟ್‌ಗೆ ತೊಂದ್ರೆ ಆಗಿದ್ಯಾ? ಯೋಚ್ನೆ ಮಾಡಿ ಹೇಳಿ. ಆಗಿದ್ರೆ ನಾನು ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ನರ್ಸಿಂಗ್ ಕೌನ್ಸಿಲ್‌ಗೆ ಬರೀಲೇಬೇಕು.”

“ಇಲ್ಲ ಸಾರ್,” ಎಂದ ಬಾಳೇಶ. “ಉಳಿದದ್ದನ್ನು ಮಾತ್ರ ತಗೋತಿದ್ದೆ.”

ಆ ಒಂದು ಮಾತಿನ ಮೇಲೆ ಅವನ ಹೊಸ ಬದುಕು ನಿಂತಿತು. ಕೈಕಾಲು ಸೆಳೆದು, ವಾಂತಿ ಮಾಡಿ, ಗೋಡೆಗೆ ತಲೆ ಚಚ್ಚಿಕೊಂಡ ದಿನಗಳು ಕಳೆದವು. ಆಮೇಲೆ ಕಾರ್ಯಕ್ರಮದ ಕಟ್ಟಲೆ. ಕೇಂದ್ರದಿಂದ ಯಾವಾಗ ಫೋನ್ ಬಂದರೂ ಆ ದಿನವೇ ಹೋಗಿ, ಒಬ್ಬ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಮೂತ್ರ ಕೊಟ್ಟು ಬರಬೇಕು. ಬೀಗದ ಕಪಾಟಿನ ಕೀಲಿಕೈ ಮುಟ್ಟಬಾರದು. ಅಂಥ ಔಷಧಿ ಇರುವ ಕಡೆ ಕೆಲಸವೇ ಮಾಡಬಾರದು. ಹೀಗೆ ಅವಧಿ ಮುಗಿಸಿದರೆ ‘ಕೆಲಸಕ್ಕೆ ಯೋಗ್ಯ’ ಎಂದು ಚನ್ನಕೇಶವರು ಬರೆದುಕೊಡುತ್ತಾರೆ. ಬಾಳೇಶ ತಪ್ಪಲಿಲ್ಲ. ಗುರುದೇವಿ ರಾಜಾಜಿನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಮನೆ ನಡೆಸಿದಳು. ಅವನು ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಸಕ್ಕರೆ ನೋಡುವುದು ಶುರುಮಾಡಿದ. ಅವಧಿ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು.

ಆಗ ಬಂತು ಕಾಂತರಾಜುವಿನ ಫೋನು.

ಕಾಂತರಾಜು ಮಲ್ಲತ್ತಹಳ್ಳಿಯ ಹಳೆಯ ಮನೆತನದವನು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ತಾನು ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ ಮುನಿಲಕ್ಷ್ಮಮ್ಮ ಹಿಂದೊಮ್ಮೆ ಕಾಂಪೌಂಡ್ ತೊಳೆಯುವಾಗ ಜಾರಿಬಿದ್ದು, ತೊಡೆಮೂಳೆ ಮುರಿದು, ಇದೇ ನರ್ಸಿಂಗ್ ಹೋಮಿಗೆ ಬಂದಿದ್ದರು. “ಅಮ್ಮ ಮಲಗ್ಬಿಟ್ಟಿದಾರೆ ಬಾಳೇಶ್, ಬೆನ್ನಲ್ಲಿ ಹುಣ್ಣಾಗಿದೆ. ಆಸ್ಪತ್ರೇಲಿ ನಿಮ್ಮ ನಂಬರ್ ಕೊಟ್ರು. ಅವತ್ತು ಅಮ್ಮನ್ನ ಎಷ್ಟು ತಾಳ್ಮೆಯಿಂದ ನೋಡ್ಕೊಂಡ್ರಿ ನೀವು,” ಎಂದ.

ಬಾಳೇಶನಿಗೆ ಆ ಅಮ್ಮ ಯಾರೆಂದು ನೆನಪಾಯಿತು. ಆಗುವುದಿಲ್ಲ ಎನ್ನಬೇಕಿತ್ತು. ‘ಬರ್ತೀನಿ ಸಾರ್’ ಎಂದ. ತಾಳ್ಮೆ ಎಂಬ ಆ ಒಂದು ಶಬ್ದ ಅವನ ಕುತ್ತಿಗೆ ಪಟ್ಟಿ ಹಿಡಿದು ಎಳೆದುಕೊಂಡು ಹೋಯಿತೆಂದೇ ಹೇಳಬೇಕು.

ಅವತ್ತಿನ ತಾಳ್ಮೆಯ ಕಥೆ ಇದು. ಮುನಿಲಕ್ಷ್ಮಮ್ಮನಿಗೆ ಆಪರೇಷನ್ ಆದ ಮಧ್ಯಾಹ್ನ ವಾರ್ಡಿನಲ್ಲೂ ಬಾಳೇಶನದೇ ಡ್ಯೂಟಿ. ಅವರ ಪಾಲಿನ ಇಂಜೆಕ್ಷನ್ ಅವನ ಮೈಗೆ ಹೋಯಿತು, ಉಪ್ಪುನೀರು ಅವರ ಮೈಗೆ. ಆಕೆ ಕೂಗಿದರು. ಹೊಲದ ಆ ಬದಿಯಿಂದ ಈ ಬದಿಗೆ ಕೂಗಿ ಆಳುಗಳನ್ನು ಕರೆಯುತ್ತಿದ್ದ ಗಂಟಲು ಅದು. ಇಡೀ ವಾರ್ಡಿಗೆ ಕೇಳಿಸಿತು. ಪಕ್ಕದ ಮಂಚದ ಮಂದಿ ಗೊಣಗಿದರು. ನಾಚಿಕೆಯಿಂದ ಕೆಂಪಾಗಿ ಬಂದ ಕಾಂತರಾಜುವಿನ ಹೆಗಲ ಮೇಲೆ ಕೈಯಿಟ್ಟು ಬಾಳೇಶ ಮೆಲ್ಲಗೆ ಹೇಳಿದ್ದ: “ಇಂಜೆಕ್ಷನ್ ಕೊಟ್ಟಾಗಿದೆ ಸಾರ್. ಕೆಲವ್ರಿಗೆ ತಡ್ಕೊಳ್ಳೋ ಶಕ್ತಿನೇ ಇರಲ್ಲ. ವಯಸ್ಸಾದ್ಮೇಲೆ ಎಲ್ರೂ ನಮ್ಮನ್ನೇ ನೋಡ್ಲಿ ಅಂತ ಕೂಗ್ತಾರೆ. ನೀವು ಜಾಸ್ತಿ ತಲೆಗೆ ಹಚ್ಕೋಬೇಡಿ.” ಅಷ್ಟು ಮೃದುವಾಗಿ ಮಾತಾಡಲು ಅವನಿಗೆ ಸಾಧ್ಯವಾದದ್ದು, ಆ ತಾಯಿಯ ಔಷಧಿಯೇ ಅವನ ಮೈಯಲ್ಲಿ ಬೆಚ್ಚಗೆ ಹರಿಯುತ್ತಿದ್ದದ್ದರಿಂದ.

ಮಲ್ಲತ್ತಹಳ್ಳಿಯ ಮನೆಗೆ ಹೋದಾಗ ಮುನಿಲಕ್ಷ್ಮಮ್ಮ ಕಿಟಕಿಯ ಪಕ್ಕ ಮಲಗಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಬೆನ್ನಿನ ಹುಣ್ಣು ತೊಳೆಯುವಾಗ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯೊಳಗೆ ತುರುಕಿಕೊಂಡರು. ಸದ್ದಿಲ್ಲ. ಕಣ್ಣಿನಿಂದ ನೀರು ಮಾತ್ರ ಕಿವಿಯ ಕಡೆ ಇಳಿಯುತ್ತಿತ್ತು. ಕೂಗುವ ಮುನಿಲಕ್ಷ್ಮಮ್ಮನನ್ನು ಎದುರಿಸಲು ಸಿದ್ಧನಾಗಿ ಬಂದಿದ್ದ ಬಾಳೇಶನಿಗೆ ಈ ಮೌನವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಹೊರಗೆ ಬಂದಾಗ ಕಾಂತರಾಜು ಎಲ್ಲ ಹೇಳಿದ. ಸ್ತನದಲ್ಲಿ ಕ್ಯಾನ್ಸರ್ ಗಂಟಾಗಿ, ಅದು ಬೆನ್ನುಮೂಳೆಗೆ ಹರಡಿದೆ. ಡಾಕ್ಟರು ಕೈಚೆಲ್ಲಿದ್ದಾರೆ. “ಬೆನ್ನು ನೋವು ಅಂತ ಮೊದ್ಲು ಮೊದ್ಲು ಹೇಳ್ತಿದ್ರು. ನಾವು ನಂಬ್ಲಿಲ್ಲ ನೋಡಿ. ಅಮ್ಮಂದು ಗೊತ್ತಲ್ಲ, ಬರೀ ಡ್ರಾಮಾ. ಮದುವೆ ಮನೇಲೆಲ್ಲ ನನ್ನ ಮಗಳು ಸ್ಪಂದನ ಅಜ್ಜಿ ಆಸ್ಪತ್ರೇಲಿ ಕೂಗಿದ್ದನ್ನ ಹಂಗೇ ಮಾಡಿ ತೋರಿಸೋಳು, ಎಲ್ರೂ ಬಿದ್ದು ಬಿದ್ದು ನಗೋರು. ಆಮೇಲೆ ಅಮ್ಮ ಹೇಳೋದೇ ನಿಲ್ಲಿಸ್ಬಿಟ್ರು. ಸ್ಕ್ಯಾನ್ ಮಾಡ್ಸೋ ಹೊತ್ತಿಗೆ ಎಲ್ಲಾ ಮುಗ್ದಿತ್ತು.”

“ನೋವಿಗೆ ಏನ್ ಕೊಡ್ತಿದೀರಾ ಸಾರ್?”

“ಮಾರ್ಫಿನ್ ಮಾತ್ರೆ ಬರ್ಕೊಟ್ಟಿದಾರೆ, ಹೊತ್ತು ಹೊತ್ತಿಗೆ ಕೊಡಿ ಅಂತ. ಬೀರುನಲ್ಲಿಟ್ಟು ಬೀಗ ಹಾಕಿದೀನಿ. ತೀರಾ ಆದ್ರೆ ಅರ್ಧ ಕೊಡ್ತೀನಿ. ಅದು ಚಟ ಆಗುತ್ತಂತಲ್ಲ? ಅದೂ ಅಲ್ದೆ, ಅಮ್ಮ ಈಗ ಕೂಗ್ತಾನೂ ಇಲ್ಲ.”

“ಪೂರ್ತಿ ಕೊಡಿ ಸಾರ್. ಇಂಥ ಕಾಯಿಲೆಗೆ ಚಟದ ಮಾತೇ ಬರಲ್ಲ. ತುಂಬಾ ನೋವಿದೆ ಅವ್ರಿಗೆ.”

ಕಾಂತರಾಜು ನಕ್ಕ. ಕೆಟ್ಟ ನಗುವಲ್ಲ, ಸ್ನೇಹದ ನಗು. “ನೀವೇ ಹೇಳಿದ್ರಲ್ಲ ಬಾಳೇಶ್, ಕೆಲವ್ರಿಗೆ ತಡ್ಕೊಳ್ಳೋ ಶಕ್ತಿ ಇರಲ್ಲ, ಎಲ್ರೂ ನೋಡ್ಲಿ ಅಂತ ಮಾಡ್ತಾರೆ ಅಂತ. ಆ ಮಾತು ನಂಗೆ ಎಷ್ಟು ಸಲ ಧೈರ್ಯ ಕೊಟ್ಟಿದೆ ಗೊತ್ತಾ?”

ಸ್ಕೂಟರ್ ಹತ್ತಿದ ಬಾಳೇಶ ಬಸವೇಶ್ವರನಗರದ ಕಡೆ ಹೋಗದೆ ಸೀದಾ ಕೆಂಗೇರಿಗೆ ಹೋದ. ಚನ್ನಕೇಶವರ ಮುಂದೆ ಅರ್ಧ ಹೇಳಿದ, ಅರ್ಧ ನುಂಗಿದ: ಒಂದು ಮನೆಯಲ್ಲಿ ಮಾರ್ಫಿನ್ ಇದೆ, ಅಲ್ಲಿ ಒಬ್ಬ ಅಜ್ಜಿಯ ಗಾಯ ನೋಡುತ್ತಿದ್ದೇನೆ ಎಂದಷ್ಟೇ. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ತಲೆ ಕೆಟ್ಟಿದ್ಯೇನ್ರಿ? ನಾಳೆಯಿಂದ ಆ ಮನೆ ಮೆಟ್ಟಿಲು ಹತ್ಬೇಡಿ. ಮೊದ್ಲು ನೀವು ಉಳ್ಕೊಳ್ಳಿ. ದಡ ಸೇರೋ ಹೊತ್ತಲ್ಲಿ ಮುಳುಗ್ತೀರಾ?” ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೀರುವಿನ ಬೀಗದ ಕೈ ಕಾಂತರಾಜುವಿನ ಸೊಂಟದಲ್ಲಿ ಕಿಣಿಗುಟ್ಟಿದಾಗ ಬಾಳೇಶನ ಮೈಯೆಲ್ಲ ಕಿವಿಯಾಗಿದ್ದು ಸುಳ್ಳೇ?

ಮನೆಗೆ ಬಂದು ಗುರುದೇವಿಗೆ ಮಾತ್ರ ಪೂರ್ತಿ ಹೇಳಿದ. ಅವಳಿಗೂ ಇದು ಹೊಸದು. ‘ಉಳಿದದ್ದನ್ನು ಮಾತ್ರ’ ಎಂಬುದನ್ನು ಅವಳೂ ನಂಬಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು.

“ಅಕಿ ಬಾಯಾಗಿಂದ ಕಸಗೊಂಡ್ರೇನ್ರೀ?”

ಅವನು ಹೌದೆಂದು ತಲೆಯಾಡಿಸಿದ.

“ಹೇಳಾಕ ಹೋಗಬ್ಯಾಡ್ರಿ,” ಎಂದಳು ಆಮೇಲೆ, ಅಳುತ್ತಲೇ. “ನಾ ಸಣ್ಣಾಕಿ ಅನ್ರಿ, ಸ್ವಾರ್ಥಿ ಅನ್ರಿ. ನೀವು ಹೇಳಿದ್ರ ಅಜ್ಜಿ ಏನು ಎದ್ದು ಕುಂದರತಾಳೇನು? ನಮ್ಮ ಬಾಳು ಅಷ್ಟ ಹಾಳಾಗತೈತಿ. ಇನ್ನ ಸ್ವಲ್ಪ ದಿನ ಐತಿ, ಕಣ್ಣು ಮುಚ್ಚಿ ಕಳೀರಿ.”

ಕಣ್ಣು ಮುಚ್ಚಿಯೇ ಕಳೆದ. ಜ್ವರ ಎಂದು ಕಾಂತರಾಜುವಿಗೆ ಸುಳ್ಳು ಹೇಳಿದ. ಆದರೆ ಹೋದಲ್ಲೆಲ್ಲ ಬಾಯಲ್ಲಿ ಸೆರಗು ತುರುಕಿಕೊಂಡ ಆ ಮುಖವೇ ಕಾಣುತ್ತಿತ್ತು. ಸಕ್ಕರೆ ನೋಡಲು ಯಾರ ಬೆರಳಿಗೆ ಸೂಜಿ ಚುಚ್ಚಿದರೂ, ಅವರು ‘ಸ್’ ಎಂದರೆ ಅವನು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ, ಗುರುದೇವಿ ಕೆಲಸಕ್ಕೆ ಹೋದ ಮೇಲೆ, ಸ್ಕೂಟರ್ ತೆಗೆದ. ಹೇಳಬೇಕೆಂದು ಹೊರಟಿರಲಿಲ್ಲ. ಒಂದು ಸಲ ಡ್ರೆಸ್ಸಿಂಗ್ ಮಾಡಿ, ಇನ್ನೊಬ್ಬ ನರ್ಸಿನ ನಂಬರ್ ಕೊಟ್ಟು ಕೈ ತೊಳೆದುಕೊಳ್ಳುವುದೆಂದು ಹೊರಟದ್ದು.

ಹುಣ್ಣು ಆಳವಾಗಿತ್ತು. ಶುಚಿ ಮಾಡಿ ಮುಗಿಸುವ ಹೊತ್ತಿಗೆ ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಂದ ತೆಗೆದು, ಉಸಿರು ಸುಧಾರಿಸಿಕೊಂಡು, ಅವನ ಮಣಿಕಟ್ಟು ಹಿಡಿದರು.

“ಅವತ್ತು ಆಸ್ಪತ್ರೇಲಿ ನೀನೇ ಅಲ್ವೇನಪ್ಪ ಸೂಜಿ ಕೊಟ್ಟಿದ್ದು?”

“ಹೌದಮ್ಮ.”

“ಬಾಯ್ ಬಡ್ಕೊಂಡು ನಿಂಗೆ ಬೋ ತೊಂದ್ರೆ ಕೊಟ್ಬುಟ್ಟೆ ಕಣಪ್ಪ. ನೀನು ಸೂಜಿ ಕೊಟ್ಟಿದ್ರೂ ನಂಗೆ ತಡ್ಕೊಳಕಾಗ್ಲಿಲ್ಲ. ನನ್ನ ಜೀವಾನೇ ಅಂಗೆ, ಹಾಳಾದ್ದು. ಮನಸ್ಸಲ್ಲಿ ಇಟ್ಕೋಬೇಡ. ಈಗ ನೋಡು, ಕೂಗಲ್ಲ ನಾನು. ಕಲ್ತ್‌ಕೊಂಡಿದೀನಿ.”

ಬಾಳೇಶ ಅಲ್ಲೇ ನೆಲದ ಮೇಲೆ ಕುಳಿತ. ಇಷ್ಟು ದಿನ ತಾನು ಕದ್ದದ್ದು ಔಷಧಿಯನ್ನಷ್ಟೇ ಎಂದುಕೊಂಡಿದ್ದ. ಈ ಹೆಂಗಸಿಗೆ ತನ್ನ ಮೈಯ ಮೇಲೆಯೇ ನಂಬಿಕೆ ಇಲ್ಲದಂತೆ ಮಾಡಿದ್ದ. ಇನ್ನು ತಡೆಯಲು ಅವನಿಂದ ಆಗಲಿಲ್ಲ.

“ಅಮ್ಮ, ನಾನು ಸೂಜಿ ಕೊಟ್ಟಿರ್ಲಿಲ್ಲ,” ಎಂದ. “ನಿಮ್ಗೆ ಹಾಕಿದ್ದು ಬರೀ ಉಪ್ಪು ನೀರು. ನಿಮ್ಮ ಔಷಧಿ ನಾನು ಹಾಕ್ಕೊಂಡೆ. ನಂಗೆ ಅದ್ರ ಚಟ ಇತ್ತು. ನೀವು ಕೂಗಿದ್ದು ಸರಿ. ಆ ನೋವಿಗೆ ಯಾರಾದ್ರೂ ಕೂಗ್ತಿದ್ರು.”

ಮುನಿಲಕ್ಷ್ಮಮ್ಮ ಅವನ ಮಣಿಕಟ್ಟು ಬಿಟ್ಟರು. ಬೈಯುತ್ತಾರೆಂದು ಕಾದ. ಉಗಿಯುತ್ತಾರೆಂದು ಕಾದ. ಆಕೆ ಗೋಡೆಯ ಕಡೆ ತಿರುಗಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಆ ಹಳೆಯ ಹೊಲದ ಗಂಟಲಿನಲ್ಲಿ ಕೂಗಿದರು.

“ಕಾಂತಾ! ಲೋ ಕಾಂತಾ! ಬಾರೋ ಇಲ್ಲಿ!”

ಕಾಂತರಾಜು ತಿಂಡಿ ಬಿಟ್ಟು ಓಡಿಬಂದ. ಅವನ ಹಿಂದೆಯೇ ಅವನ ಹೆಂಡತಿ.

“ಹೇಳಪ್ಪ,” ಎಂದರು ಮುನಿಲಕ್ಷ್ಮಮ್ಮ. “ನಂಗೆ ಹೇಳ್ದಂಗೇ ಹೇಳು.”

ಬಾಳೇಶ ಹೇಳಿದ. ಮುಗಿಯುವ ಮುಂಚೆ ಕಾಂತರಾಜುವಿನ ಕೈ ಅವನ ಕೆನ್ನೆಯ ಮೇಲೆ ಬಿತ್ತು. ಎರಡನೆಯ ಏಟಿಗೆ ತುಟಿ ಒಡೆಯಿತು. “ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ್ಯಲ್ಲೋ ನಾಯಿ! ಅವತ್ತಿಂದ ನಮ್ಮಮ್ಮನ್ನ ಸುಳ್ಳುಬುರುಕಿ ಅಂದ್ಕೊಂಡು ಬದುಕಿದೀನಲ್ಲೋ!” ಎಂದು ಅವನು ಅಂಗಿ ಹಿಡಿದು ಅಲುಗಾಡಿಸುತ್ತಿದ್ದರೆ, ಮಂಚದಿಂದ ಮತ್ತೆ ಕೂಗು ಬಂತು.

“ಬುಡೋ ಅವ್ನ. ಇನ್ನೂ ಕೆಲಸ ಐತೆ ಅವ್ನಿಗೆ. ಸ್ಪಂದನನ್ನ ಕರಿ.”

ಕಾಲೇಜಿಗೆ ಹೊರಟಿದ್ದ ಸ್ಪಂದನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಜ್ಜಿಯ ಕೂಗನ್ನು ಮದುವೆ ಮನೆಗಳಲ್ಲಿ ಆಡಿ ತೋರಿಸುತ್ತಿದ್ದ ಹುಡುಗಿ ಕಾಲೇಜಿನ ಚೀಲ ಇಳಿಸಿ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಮುನಿಲಕ್ಷ್ಮಮ್ಮ ನಿಲ್ಲಲಿಲ್ಲ. ಮೇಲಿನ ಬಾಡಿಗೆ ಮನೆಯ ವಿಮಲಮ್ಮ ಬರಬೇಕು. ಆಸ್ಪತ್ರೆಗೆ ಬಂದು ‘ಸ್ವಲ್ಪ ನಾಚ್ಕೆ ಇರ್ಲಿ’ ಎಂದು ಬೈದಿದ್ದ ತಂಗಿ ಪಟಾಲಮ್ಮನಿಗೆ ನಂದಿನಿ ಲೇಔಟಿಗೆ ಫೋನ್ ಹಚ್ಚಬೇಕು, ಸ್ಪೀಕರಿನಲ್ಲಿ ಹಾಕಬೇಕು. ಒಬ್ಬೊಬ್ಬರು ಬಂದಂತೆಲ್ಲ ಬಾಳೇಶ ಮೊದಲಿನಿಂದ ಹೇಳಿದ. ತುಟಿಯಿಂದ ರಕ್ತ ಬರುತ್ತಿತ್ತು, ಒರೆಸಿಕೊಂಡು ಹೇಳಿದ. ‘ಆಕೆ ಸುಳ್ಳು ಹೇಳಿರಲಿಲ್ಲ’ ಎಂಬುದನ್ನು ಎಲ್ಲಾದರೂ ಬಿಟ್ಟರೆ ಮುನಿಲಕ್ಷ್ಮಮ್ಮ “ಅದೂ ಹೇಳು” ಎನ್ನುತ್ತಿದ್ದರು. ಇಷ್ಟು ಜನರ ಕಿವಿಗೆ ಬಿದ್ದ ಮೇಲೆ ಇದು ಇನ್ನು ಮುಚ್ಚಿಡುವ ಸಂಗತಿಯಾಗಿ ಉಳಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುರುದೇವಿಯ ಮುಖ ಕಣ್ಣೆದುರು ಬರುತ್ತಿತ್ತು. ಆದರೂ ಹೇಳಿದ.

ಫೋನಿನ ಆ ಕಡೆ ಪಟಾಲಮ್ಮ ಅಳುವುದು ಕೇಳಿಸಿದ ಮೇಲೆ ಮುನಿಲಕ್ಷ್ಮಮ್ಮ ಕಣ್ಣು ಮುಚ್ಚಿದರು. “ಈಗ ಮಾತ್ರೆ ಕೊಡ್ರಪ್ಪ,” ಎಂದರು. “ನೋಯ್ತಾ ಐತೆ. ಬಾಳ ನೋಯ್ತಾ ಐತೆ.”

ಕಾಂತರಾಜು ಬೀರು ತೆರೆದ. ಮಾತ್ರೆಯನ್ನು ಹಾಳೆಯಿಂದ ಬಿಡಿಸಲು ಆಗಲಿಲ್ಲ. ಅಭ್ಯಾಸದಿಂದ ಬಾಳೇಶನ ಕಡೆ ಚಾಚಿದ. ಬಾಳೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದ. “ನೀವೇ ಕೊಡಿ ಸಾರ್. ನಾನು ಮುಟ್ಬಾರ್ದು. ಪೂರ್ತಿ ಒಂದು ಕೊಡಿ. ಮತ್ತೆ ಡಾಕ್ಟ್ರು ಹೇಳಿದ ಹೊತ್ತಿಗೆ ಇನ್ನೊಂದು, ಕೂಗೋ ತನಕ ಕಾಯ್ಬೇಡಿ.” ಅಷ್ಟು ಹೇಳಿ ಹೊರಬಿದ್ದ. ಮುನಿಲಕ್ಷ್ಮಮ್ಮ ಅವನಿಗೆ ಹೋಗು ಎನ್ನಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ.

ಚನ್ನಕೇಶವರಿಗೆ ತಾನೇ ಹೋಗಿ ತಿಳಿಸಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನನ್ನ ಕೈ ಕಟ್ಟಿಹಾಕಿಬಿಟ್ರಿ. ಕೌನ್ಸಿಲ್‌ಗೆ ಬರೀಲೇಬೇಕು ಈಗ,” ಎಂದರು. ಮುಂದಿನ ಶನಿವಾರದಿಂದ ಮೇಲಿನ ಮಹಡಿಗೆ ಬರಬೇಡವೆಂದರು. ಕೆಳಗಿನ ವಾರ್ಡಿಗೆ ಬರಬಹುದು, ಅಲ್ಲಿಗೆ ಯಾರು ಬೇಕಾದರೂ ಬರಬಹುದು ಎಂದೂ ಹೇಳಿದರು. ಬಾಳೇಶ ಈಗ ಅಲ್ಲೇ ಕೂರುತ್ತಾನೆ, ಗಾರೆಯವರ, ಆಟೋದವರ ನಡುವೆ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬರುತ್ತಾನೆ. ಗುರುದೇವಿ ಊರಿಗೆ ಹೋದವಳು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಎತ್ತುತ್ತಾಳೆ, ‘ಊಟ ಮಾಡಿದ್ರಿ?’ ಎಂದು ಕೇಳುತ್ತಾಳೆ, ಬೇರೆ ಮಾತಿಲ್ಲ.

ಮುನಿಲಕ್ಷ್ಮಮ್ಮ ಆಮೇಲೆ ಕೆಲವು ವಾರ ಇದ್ದರಂತೆ. ಹೊತ್ತಿಗೆ ಸರಿಯಾಗಿ ಮಾತ್ರೆ ಸಿಕ್ಕಿತಂತೆ. ಅದನ್ನೂ ಮೀರಿ ನೋವು ಬಂದಾಗ ಬಾಯಿ ಬಿಟ್ಟು ಕೂಗುತ್ತಿದ್ದರಂತೆ, ಬೀದಿಯ ತುದಿಗೆ ಕೇಳುವ ಹಾಗೆ. ಸ್ಪಂದನ ಓಡಿಬಂದು ಕಾಲ ಬಳಿ ಕೂರುತ್ತಿದ್ದಳಂತೆ. ಇದೆಲ್ಲ ಬಾಳೇಶನಿಗೆ ಗೊತ್ತಾದದ್ದು ವಿಮಲಮ್ಮನಿಂದ. ತಿಥಿ ಮುಗಿದ ಮೇಲೆ ಕಾಂತರಾಜು ಕೌನ್ಸಿಲ್‌ಗೂ ಪೊಲೀಸರಿಗೂ ದೂರು ಕೊಟ್ಟ. ಕೊಡಬೇಕಾದದ್ದೇ.

ವಿಚಾರಣೆಯ ದಿನ ಮೇಜಿನ ಆ ಕಡೆ ಮೂವರು ಕುಳಿತಿದ್ದರು. ನಡುವೆ ಕುಳಿತ ಹಿರಿಯ ಹೆಂಗಸು, ತಾವೂ ಒಂದು ಕಾಲಕ್ಕೆ ನರ್ಸಾಗಿದ್ದವರು, ತಲೆಯೆತ್ತಿ ಕೇಳಿದರು.

“ನಿಮ್ಮಿಂದ ಯಾವ್ದಾದ್ರೂ ಪೇಷಂಟ್‌ಗೆ ತೊಂದ್ರೆ ಆಗಿದ್ಯಾ?”

“ಆಗಿದೆ ಮೇಡಂ. ಮಲ್ಲತ್ತಹಳ್ಳಿ ಮುನಿಲಕ್ಷ್ಮಮ್ಮನವರಿಗೆ.”

“ಅವರೊಬ್ಬರಿಗೇನಾ?”

ಬಾಳೇಶ ಬಾಯಿ ತೆರೆದ. ಪ್ಲಾಸ್ಟರ್ ಹಾಕಿದ ಕಾಲುಗಳು, ಹೊಲಿಗೆ ಹಾಕಿದ ಹೊಟ್ಟೆಗಳು, ಮಂಚದ ಕಂಬಿ ಹಿಡಿದ ಕೈಗಳು ಒಂದೊಂದಾಗಿ ನೆನಪಾದವು. ಮುಖಗಳೂ ನೆನಪಾದವು.

“ಇಲ್ಲ ಮೇಡಂ,” ಎಂದ. “ಬೇರೆಯವ್ರೂ ಕೂಗಿದ್ರು. ಹೆಸರು ಗೊತ್ತಿಲ್ಲ.”